ಗ್ರಹಗಳ ಎಣಿಕೆ

ಆಳಂದ, ಅಫಜಲಪುರ, ಜೇವರ್ಗಿಗಳ ತೊಗರಿ ಹೊಲಗಳ ನಡುವೆ ಇರುಳಿನಲ್ಲಿ ನಿಂತವನಿಗೆ ಆಕಾಶವು ಅಂಚಿನಿಂದ ಅಂಚಿನವರೆಗೆ ತೆರೆದಿರುತ್ತದೆ. ಅಲ್ಲಿ ಕೆಲವು ಚುಕ್ಕೆಗಳು ಅಷ್ಟಾಗಿ ಮಿನುಗದೆ ಬೆಳಗುತ್ತವೆ. ದಿನಗಳುರುಳಿದಂತೆ ನಕ್ಷತ್ರಗಳ ನಡುವೆ ಸ್ಥಳ ಬದಲಿಸುತ್ತವೆ. ಇವೇ ಗ್ರಹಗಳು. ಇಂತಹವು ಎಷ್ಟಿವೆ? ಪ್ರಶ್ನೆಯು ಸರಳವಾದುದು, ಉತ್ತರ ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ.

ನಮ್ಮ ದೇವಾಲಯಗಳ ನವಗ್ರಹಗಳಲ್ಲಿ ಸೂರ್ಯಚಂದ್ರರಿದ್ದಾರೆ, ಭೂಮಿಯಿಲ್ಲ. ನಕ್ಷತ್ರಗಳ ನಡುವೆ ಸಂಚರಿಸುವುದೇ ಗ್ರಹದ ಲಕ್ಷಣವೆಂದು ಬಗೆದವರಿಗೆ ಈ ಎಣಿಕೆ ಯುಕ್ತವೇ ಆಗಿತ್ತು. ರಾಹುಕೇತುಗಳಂತೂ ಕಣ್ಣಿಗೆ ಕಾಣುವ ವಸ್ತುಗಳಲ್ಲ. ಚಂದ್ರನ ಪಥವು ಸೂರ್ಯನ ಪಥವನ್ನು ಕತ್ತರಿಸುವ ಎರಡು ಬಿಂದುಗಳು. ಗ್ರಹಣದ ಗಣಿತಕ್ಕೆ ಅವು ಬೇಕಾಗಿದ್ದವು.

1543ರಲ್ಲಿ ಕೊಪರ್ನಿಕಸನ ಗ್ರಂಥವು ಸೂರ್ಯನನ್ನು ಕೇಂದ್ರದಲ್ಲಿರಿಸಿತು. ಸೂರ್ಯನನ್ನು ಸುತ್ತುವುದು ಗ್ರಹ ಎಂದಾಯಿತು; ಭೂಮಿಯು ಪಟ್ಟಿಗೆ ಸೇರಿತು, ಸೂರ್ಯಚಂದ್ರರು ಹೊರಗುಳಿದರು. 1781ರಲ್ಲಿ ಹರ್ಷೆಲನು ದೂರದರ್ಶಕದಿಂದ ಯುರೇನಸ್ಸನ್ನು ಕಂಡನು. ಅದರ ಚಲನೆ ಲೆಕ್ಕಕ್ಕೆ ಹೊಂದದಿರಲು, ಅದನ್ನು ಸೆಳೆಯುತ್ತಿರುವ ಇನ್ನೊಂದು ಗ್ರಹದ ಸ್ಥಾನವನ್ನು ಲೆವೆರಿಯೆ ಗಣಿಸಿದನು. 1846ರಲ್ಲಿ ನೆಪ್ಚೂನ್ ದೊರೆಯಿತು.

ಅದರಾಚೆ ಮತ್ತೇನಿದೆ? ಅಫಜಲಪುರಕ್ಕೆ ನೆರೆಯದಾದ ವಿಜಾಪುರ ಜಿಲ್ಲೆಗೆ ಆಗ ಸೇರಿದ್ದ ಬಾಗಲಕೋಟೆಯಲ್ಲಿ ಶಿಕ್ಷಕರಾಗಿದ್ದ ವೆಂಕಟೇಶ ಬಾಪೂಜಿ ಕೇತಕರರನ್ನು ಈ ಪ್ರಶ್ನೆ ಸೆಳೆಯಿತು. ‘ಜ್ಯೋತಿರ್ಗಣಿತ’ವನ್ನು ಸಂಸ್ಕೃತದಲ್ಲಿ ಬರೆದ ಈ ವಿದ್ವಾಂಸರು ಗುರುಗ್ರಹದ ಚಂದ್ರಗಳತ್ತ ನೋಡಿದರು. ಅಲ್ಲಿ ಗ್ಯಾನಿಮೀಡ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಯೂರೋಪಾ ಎರಡನ್ನೂ ಐಯೊ ನಾಲ್ಕನ್ನೂ ಮುಗಿಸುತ್ತವೆ. ಲಾಪ್ಲಾಸನು ವಿವರಿಸಿದ ಇಂತಹ ಬಂಧವು ಯುರೇನಸ್, ನೆಪ್ಚೂನ್ ಮತ್ತು ಅವುಗಳಾಚೆಯ ಗ್ರಹಕ್ಕೂ ಇದ್ದರೆ? 1911ರಲ್ಲಿ ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ಅವರು ತಮ್ಮ ಗಣಿತವನ್ನು ಪ್ರಕಟಿಸಿದರು. ಭೂಮಿಗೂ ಸೂರ್ಯನಿಗೂ ಇರುವ ಅಂತರದ 38.95 ಪಟ್ಟು ದೂರದಲ್ಲಿ, 242.28 ವರ್ಷಗಳಿಗೊಮ್ಮೆ ಸುತ್ತುವ ಗ್ರಹವೊಂದಿರಬೇಕು. ಅದಕ್ಕೆ ಬ್ರಹ್ಮನೆಂದು ಹೆಸರಿಟ್ಟರು. ಇನ್ನೂ ಆಚೆಯದಕ್ಕೆ ವಿಷ್ಣುವೆಂದರು.

1930ರಲ್ಲಿ ಟಾಂಬೋ ಪ್ಲೂಟೊವನ್ನು ಕಂಡನು. ಅದರ ಸರಾಸರಿ ದೂರ ಸುಮಾರು 39.5 ಪಟ್ಟು, ಸುತ್ತುವ ಕಾಲ ಸುಮಾರು 248 ವರ್ಷ!

ಹಾಗಾದರೆ ಕೇತಕರರ ವಾದ ಸಿದ್ಧವಾಯಿತೆ? ಇಲ್ಲಿ ವಿದ್ಯಾರ್ಥಿಯು ಒಂದು ಕ್ಷಣ ತಡೆಯಬೇಕು. ಅಂಕಿ ಹತ್ತಿರ ಬಂದಿತು, ನಿಜ. ಆದರೆ ಅವರು ಊಹಿಸಿದ ಮೂವರ ಬಂಧ ನಿಸರ್ಗದಲ್ಲಿ ಇಲ್ಲ. ಪ್ಲೂಟೊ ಬಂಧಿತವಾಗಿರುವುದು ನೆಪ್ಚೂನಿಗೆ: ನೆಪ್ಚೂನ್ ಮೂರು ಸುತ್ತು ಬರುವಾಗ ಪ್ಲೂಟೊ ಎರಡು ಸುತ್ತು ಬರುತ್ತದೆ. ‘ವಿಷ್ಣು’ ಇದುವರೆಗೆ ದೊರೆತಿಲ್ಲ. ಉತ್ತರ ತಾಳೆಯಾದ ಮಾತ್ರಕ್ಕೆ ಕಾರಣವೂ ಸರಿಯೆನ್ನಲಾಗದು. ಆದರೂ ಪರೀಕ್ಷೆಗೆ ಒಡ್ಡಬಹುದಾದ ಅಂಕಿಯನ್ನು ಧೈರ್ಯದಿಂದ ಮುಂದಿಟ್ಟುದು ವಿಜ್ಞಾನಿಗೆ ತಕ್ಕ ನಡತೆಯೇ ಸರಿ.

ಪ್ಲೂಟೊವಿನ ಪದವಿಯೂ ಉಳಿಯಲಿಲ್ಲ. ಅದು ನಮ್ಮ ಚಂದ್ರನಿಗಿಂತಲೂ ಚಿಕ್ಕದೆಂದು ತಿಳಿಯಿತು. 2005ರಲ್ಲಿ, ಗಾತ್ರದಲ್ಲಿ ಅದಕ್ಕೆ ಹೆಚ್ಚುಕಡಿಮೆ ಸಮನಾದ ಏರಿಸ್ ಬೆಳಕಿಗೆ ಬಂದಿತು. ಇದು ಗ್ರಹವಾದರೆ ಇಂತಹವೆಷ್ಟನ್ನು ಸೇರಿಸಬೇಕು? 2006ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ನಿಯಮ ಮಾಡಿತು: ಗ್ರಹವು ಸೂರ್ಯನನ್ನು ಸುತ್ತಬೇಕು, ಗುಂಡಗಿರಬೇಕು, ತನ್ನ ಪಥದ ನೆರೆಯಲ್ಲಿ ತಾನೇ ಪ್ರಬಲವಾಗಿರಬೇಕು. ಮೂರನೆಯ ಲಕ್ಷಣವಿಲ್ಲದ ಪ್ಲೂಟೊ ಕುಬ್ಜಗ್ರಹವೆನಿಸಿತು, ಗ್ರಹಗಳು ಎಂಟಾದವು.

ಆಕಾಶದಲ್ಲಿ ಆ ದಿನ ಏನೂ ಬದಲಾಗಲಿಲ್ಲ. ಪ್ಲೂಟೊ ತನ್ನ ಪಾಡಿಗೆ ಸುತ್ತುತ್ತಲೇ ಇದೆ. ಬದಲಾದುದು ನಮ್ಮ ತಿಳಿವಳಿಕೆ. ಆದುದರಿಂದ ಗ್ರಹಗಳು ಎಂಟು ಎಂದು ಕಂಠಪಾಠ ಮಾಡಿದರಷ್ಟೇ ಸಾಲದು. ಏಕೆ ಎಂಟು ಎಂಬುದನ್ನು ಬಲ್ಲವನೇ ನಾಳೆ ಆ ಎಣಿಕೆಯನ್ನು ತಿದ್ದಲು ಶಕ್ತನಾದಾನು.