ಕುರ್ಚಿಯ ಹಿಂದೆ ನಿಂತವರು ಯಾರು?

ಹಳೇ ಮನೆ ಕೆಡವುವಾಗ ಅಟ್ಟದಲ್ಲಿ ಒಂದು ಬಿಸ್ಕತ್ತಿನ ಡಬ್ಬ ಸಿಕ್ಕಿತು. ಒಳಗೆ 23 ಫೋಟೋಗಳು. ಅದರಲ್ಲೊಂದರಲ್ಲಿ ನಮ್ಮ ಉಮ್ಮನ ತಂದೆ ಕುರ್ಚಿಯಲ್ಲಿ ಕೂತಿದ್ದಾರೆ, ಹಿಂದೆ ಮೂವರು ನಿಂತಿದ್ದಾರೆ, ನೆಲದಲ್ಲಿ ಒಬ್ಬ ಹುಡುಗ. ನಿಂತವರಲ್ಲಿ ಇಬ್ಬರು ಅಜ್ಜನ ಭಾವಂದಿರು ಅಂತ ನೋಡಿದ ಕೂಡಲೇ ಗೊತ್ತಾಯಿತು. ಮೂರನೆಯವರು?

ಅಜ್ಜನ ತಮ್ಮ ಅಂತ ಮನೆಯವರೆಲ್ಲ ಹೇಳಿದರು. ಬೊಂಬಾಯಿಗೆ ಹೋಗಿ ಮರಳಿ ಬಾರದವರು. ಅವರ ಒಂದು ಫೋಟೋವಾದರೂ ಇದ್ದಿದ್ದರೆ ಅಂತ ಉಮ್ಮ ಎಷ್ಟೋ ಸಲ ಹೇಳಿದ್ದುಂಟು. ಹಾಗಾಗಿ ಆ ಮುಖವನ್ನು ಮಾತ್ರ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಉಮ್ಮನಿಗೆ ಕೊಟ್ಟೆವು. ಉಮ್ಮ ಅತ್ತರು. ನಮಗೂ ಒಂದು ದೊಡ್ಡ ಕೆಲಸ ಮಾಡಿದ ಸಂತೋಷ.

ಮದ್ರಸದಲ್ಲಿ ನಾವು ಮಕ್ಕಳಿಗೆ ಸನದ್ ಅಂದರೆ ಏನು ಅಂತ ಕಲಿಸುತ್ತೇವೆ. ಒಂದು ಮಾತು ಬಂದರೆ, ಯಾರಿಂದ ಕೇಳಿದ್ದು, ಅವರು ಯಾರಿಂದ ಕೇಳಿದ್ದು ಅಂತ ಹಿಂದೆ ಹಿಂದೆ ಹೋಗಬೇಕು. ಪಾಠ ಮಾಡುವ ನಾವೇ ನಮ್ಮ ಮನೆಯ ಫೋಟೋಗೆ ಆ ಪ್ರಶ್ನೆ ಕೇಳಿರಲಿಲ್ಲ. ಆಮೇಲೆ ಕೇಳಿ ನೋಡಿದರೆ, ಇಪ್ಪತ್ತು ಜನರ ಮಾತೂ ಹೋಗಿ ನಿಂತದ್ದು ದಮಾಮ್‌ನಲ್ಲಿರುವ ಒಬ್ಬ ಅಳಿಯನ ವಾಟ್ಸಾಪ್ ಸಂದೇಶಕ್ಕೆ. ಅವನನ್ನು ಕೇಳಿದರೆ, "ಇರಬಹುದು ಅಂತ ಹಾಕಿದ್ದೆ ಉಸ್ತಾದ್" ಅಂದ! ಇರಬಹುದು ಎಂಬುದು ನಾಲ್ಕು ದಿನದಲ್ಲಿ ಹೌದು ಆಗಿತ್ತು.

ಫೋಟೋದ ಹಿಂಬದಿಯಲ್ಲಿ ಮಂಗಳೂರಿನ ಸ್ಟುಡಿಯೋದ ನೇರಳೆ ಮೊಹರು ಇದೆ. ವಿಳಾಸದ ಕೊನೆಗೆ ಎಸ್.ಕೆ., ಅಂದರೆ ಸೌತ್ ಕೆನರಾ. ಪಿನ್‌ಕೋಡ್ ಇಲ್ಲ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್‌ನಲ್ಲಿ. ಫೋಟೋ ಅದಕ್ಕಿಂತ ಹಿಂದಿನದ್ದು ಅಂತ ಅಂದಾಜು ಮಾಡಬಹುದು, ಅಂದಾಜು ಮಾತ್ರ. ಹಳೇ ಮೊಹರನ್ನು ಸ್ಟುಡಿಯೋದವರು ಎಷ್ಟೋ ವರ್ಷ ಒತ್ತುತ್ತಲೇ ಇರುತ್ತಾರೆ. ಮತ್ತೆ, ಕಾಲ ಗೊತ್ತಾದರೂ ಹೆಸರು ಗೊತ್ತಾಗುವುದಿಲ್ಲವಲ್ಲ.

ಅಜ್ಜನ ಕೊನೆಯ ತಂಗಿ ಇನ್ನೂ ಇದ್ದಾರೆ. ಎಂಬತ್ತೇಳು ವರ್ಷ, ಕಣ್ಣಿಗೆ ಪೊರೆ. ಕಾಣುವುದಿಲ್ಲ ಅಂತ ಅವರನ್ನು ಯಾರೂ ಕೇಳಿಯೇ ಇರಲಿಲ್ಲ. ನಾವು ಹೋಗಿ, ಹೆಸರು ಹೇಳದೆ ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದೆವು. ಅವರು ಮುಖ ನೋಡಲಿಲ್ಲ. "ಕೈ ತೋರಿಸು ಮೋನೆ" ಅಂದರು. ಕುರ್ಚಿಯ ಮೇಲಿಟ್ಟ ಎಡಗೈ. ಬೆರಳು ಐದೂ ಸರಿಯಾಗಿವೆ.

"ಇದು ನನ್ನ ಕಾಕ ಅಲ್ಲ. ಕಾಕನ ಎಡಗೈ ಕಿರುಬೆರಳು ಅರ್ಧವೇ ಇದ್ದದ್ದು. ಸಣ್ಣದಿರುವಾಗ ಅಡಿಕೆ ಸುಲಿಯುವ ಕತ್ತಿ ತಾಗಿ ಹೋದದ್ದು."

ಅವರ ಮೊಮ್ಮಗ ಜಾಣ. ನೆಗೆಟಿವ್ ತಿರುಗಿಸಿ ಹಾಕಿದ್ದರೆ ಎಡ ಬಲ ಆಗುತ್ತದಲ್ಲ, ಅದು ಬಲಗೈಯೇ ಆಗಿರಬಹುದು ಅಂದ. ನ್ಯಾಯದ ಮಾತು. ಅಂಗಿಯ ಕಿಸೆ ನೋಡಿದೆವು. ಮೂವರ ಕಿಸೆಯೂ ಎಡಗಡೆಯಲ್ಲೇ ಇತ್ತು. ಫೋಟೋ ತಿರುಗಿಲ್ಲ.

ಆಮೇಲೆ ಚಿಕ್ಕಜ್ಜಿ ನಿಧಾನಕ್ಕೆ ಹೇಳಿದರು: ಇವರು ಹಂಚಿನ ದೋಣಿಯವರು, ನಿನ್ನ ಅಜ್ಜನ ಜೊತೆ ಪಾಲು ಇತ್ತು, ಹಬ್ಬಕ್ಕೆ ಮನೆಗೆ ಬರುತ್ತಿದ್ದರು, ನಮ್ಮ ಜಾತಿಯವರಲ್ಲ. ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿಯಲ್ಲಿ ಮಣ್ಣು, ಹಂಚು ಸಾಗಿಸಿ ಬದುಕಿದ ಮನೆಗಳು ಒಂದೆರಡಲ್ಲ. ಅಜ್ಜನಿಗೆ ಅಂಥ ಪಾಲುದಾರ ಇದ್ದರೆಂಬುದು ಮಾತ್ರ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೊಳೆಬದಿಯಲ್ಲಿ ಆ ಮನೆ ಹುಡುಕಲು ಎರಡು ಶುಕ್ರವಾರ ಹಿಡಿಯಿತು. ಅಲ್ಲೂ ಏನೂ ಹೇಳದೆ ಫೋಟೋ ಕೊಟ್ಟೆವು. ಅವರ ಮಗಳು, ಈಗ ಅಜ್ಜಿ, ತುಂಬ ಹೊತ್ತು ನೋಡಿ ಮೂರನೆಯವರ ಮೇಲೆ ಬೆರಳಿಟ್ಟರು. "ಅಪ್ಪ." 1974ರ ಬೊಳ್ಳದಲ್ಲಿ ಅವರ ಮನೆಯೇ ಹೋಗಿತ್ತು, ಒಂದೇ ಒಂದು ಫೋಟೋ ಉಳಿದಿರಲಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆಯಲು ನಾವು ಕೇಳಿಲ್ಲ.

ಬರುವಾಗ ದಾರಿಯುದ್ದಕ್ಕೂ ಉಮ್ಮನಿಗೆ ಹೇಗೆ ಹೇಳುವುದು ಎಂಬ ಚಿಂತೆ. ಕೊಟ್ಟದ್ದನ್ನು ಕಿತ್ತುಕೊಂಡ ಹಾಗೆ ಅಲ್ವಾ? ಉಮ್ಮ ಕೇಳಿ ಸುಮ್ಮನಿದ್ದರು. ಮತ್ತೆ ಚೌಕಟ್ಟನ್ನು ಬಟ್ಟೆಯಲ್ಲಿ ಒರೆಸಿ, "ಅವರ ಮಗಳಿಗೆ ಕೊಟ್ಟು ಬಾ" ಅಂದರು. ಗೋಡೆಯಲ್ಲಿ ಮೊಳೆ ಹಾಗೇ ಇದೆ.

ಹಿರಿಯರಲ್ಲಿ ಕೇಳುವವರಿಗೆ ನಮ್ಮದೊಂದು ಅನುಭವದ ಮಾತು. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳಬೇಡಿ, ಮೊದಲು ಮಾತಾಡಿದವರ ಹೆಸರೇ ಗಟ್ಟಿಯಾಗುತ್ತದೆ. "ಇವರು ಇಂಥವರಲ್ವಾ" ಅಂತ ಕೇಳಲೂ ಬೇಡಿ. ಹಿಂದೆ ಬರೆಯುವುದಾದರೆ ಪೆನ್ಸಿಲಿನಲ್ಲಿ ಮೆಲ್ಲಗೆ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಗುರುತು ಮುಖದ ಮೇಲೆ ಮೂಡುತ್ತದೆ. ಯಾರು ಹೇಳಿದ್ದು, ಯಾವ ದಿನ, ಅದನ್ನೂ ಬರೆಯಿರಿ.

ನಮ್ಮ ಫೋಟೋದ ಹಿಂದೆ ಈಗ ನಾಲ್ಕು ಹೆಸರಿವೆ. ನೆಲದಲ್ಲಿ ಕೂತ ಹುಡುಗನ ಜಾಗದಲ್ಲಿ ಪ್ರಶ್ನೆಚಿಹ್ನೆ. ನಮ್ಮ ಕಡೆಯವನಲ್ಲ ಅಂತ ದೋಣಿಯವರ ಮಗಳು ಹೇಳಿದ್ದಾರೆ. ಚಿಕ್ಕಜ್ಜಿಗೆ ಮುಂದಿನ ತಿಂಗಳು ಕಣ್ಣಿನ ಆಪರೇಷನ್. ಆಮೇಲೆ ಇನ್ನೊಮ್ಮೆ ತೋರಿಸಬೇಕು.