ಬೆಂಡಾದ ಗಾಲಿ: ಸರಿ ಮಾಡಿಸೋದೋ, ಬದಲಾಯಿಸೋದೋ?

ಮಳೆಗಾಲದಲ್ಲಿ ರಸ್ತೆಯ ಗುಂಡಿ ತುಂಬಾ ನೀರು. ಗುಂಡಿ ಎಷ್ಟು ಆಳ ಅಂತ ಗೊತ್ತಾಗೋದಿಲ್ಲ. ಹಾಲಿನ ಕ್ಯಾನು ಹೇರಿಕೊಂಡು ಡೈರಿಗೆ ಹೊರಟ ಬೈಕು ದಡಕ್ಕನೆ ಅದರೊಳಗೆ ಇಳಿಯುತ್ತದೆ. ಆಮೇಲೆ ಹ್ಯಾಂಡಲ್ ನಡುಗತೊಡಗಿದರೆ ರಿಮ್ ಬೆಂಡಾಗಿದೆ ಎಂದು ಅನುಮಾನಿಸಬೇಕು. ಬೆಂಡು ತೆಗೆಸಿದರೆ ಸಾಕೋ, ಹೊಸ ರಿಮ್ಮೇ ಬೇಕೋ? ಇದು ಬರೀ ದುಡ್ಡಿನ ಮಾತಲ್ಲ, ಜೀವದ ಮಾತು.

ಮೊದಲು ಗಾಲಿಯ ಗುಟ್ಟು ತಿಳಿಯೋಣ. ಎತ್ತಿನ ಗಾಡಿಯ ಗಾಲಿಯಲ್ಲಿ ದಪ್ಪ ಮರದ ಅರಗಳು ಕಂಬದ ಹಾಗೆ ನಿಂತು ಭಾರ ಹೊರುತ್ತವೆ. ಬೈಕಿನ ಕಡ್ಡಿಗಳೋ ತೀರಾ ಸಣ್ಣವು. ಒತ್ತಿದರೆ ಬಾಗಿಬಿಡುತ್ತವೆ. ಆದರೆ ಎಳೆದರೆ ಬಲು ಗಟ್ಟಿ! ಅದಕ್ಕೇ ಅವನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಸಾಮಾನ್ಯವಾಗಿ 36 ಕಡ್ಡಿ: ಹಬ್ಬಿನ ಎಡಬದಿಯಿಂದ 18, ಬಲಬದಿಯಿಂದ 18. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳಿಗೂ ಇಂಥ ಕಡ್ಡಿಗಾಲಿಗಳೇ ಇದ್ದವು.

ಕಂಬಕ್ಕೆ ಎರಡೂ ಕಡೆಯಿಂದ ಹಗ್ಗ ಕಟ್ಟಿ ನಿಲ್ಲಿಸೋದನ್ನು ನೋಡಿದ್ದೀರಲ್ಲ? ಒಂದು ಹಗ್ಗ ಬಿಗಿ ಮಾಡಿ ಇನ್ನೊಂದನ್ನು ಸಡಿಲಿಸಿದರೆ ಕಂಬ ಬಿಗಿಯಾದ ಕಡೆಗೆ ವಾಲುತ್ತದೆ. ರಿಮ್ಮೂ ಹಾಗೇ.

ಬೆಂಡು ಪತ್ತೆ ಮಾಡೋದು ಹೇಗೆ?

ಎಂಜಿನ್ ನಿಲ್ಲಿಸಿ ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ನೋಡಬೇಕಾದ ಗಾಲಿ ನೆಲ ಬಿಟ್ಟಿರಲಿ. ಒಂದು ಸೀಮೆಸುಣ್ಣವನ್ನು ರಿಮ್ಮಿನ ಅಂಚಿನ ಹತ್ತಿರ ಅಲುಗದಂತೆ ಹಿಡಿದು, ಗಾಲಿಯನ್ನು ಕೈಯಿಂದ ನಿಧಾನ ತಿರುಗಿಸಿ. ಉಬ್ಬಿದ ಕಡೆ ಗೆರೆ ಬೀಳುತ್ತದೆ. ಬೆರಳು ಕಡ್ಡಿಗಳ ನಡುವೆ ಹೋಗಬಾರದು, ಜೋಕೆ! ಡೊಂಕು ಎರಡು ಥರ: ಅಕ್ಕಪಕ್ಕಕ್ಕೆ ಓಲಾಡೋದು, ಮೇಲೆ ಕೆಳಗೆ ಕುಣಿಯೋದು. ಅನೇಕ ಬೈಕುಗಳ ಕೈಪಿಡಿಯಲ್ಲಿ ಇದಕ್ಕೆ 2 ಮಿಲಿಮೀಟರ್ ಮಿತಿ ಕೊಟ್ಟಿದ್ದಾರೆ.

ಸರಿ ಮಾಡೋದು ಹೇಗೆ?

ರಿಮ್ ಎಡಕ್ಕೆ ವಾಲಿದ್ದರೆ ಆ ಜಾಗದಲ್ಲಿ ಬಲಬದಿಯ ಕಡ್ಡಿಗಳನ್ನು ಬಿಗಿ ಮಾಡಿ, ಎಡಬದಿಯವನ್ನು ಸಡಿಲಿಸುತ್ತಾರೆ. ಹೊರಕ್ಕೆ ಉಬ್ಬಿದ್ದರೆ ಅಲ್ಲಿನ ಎರಡೂ ಬದಿಯ ಕಡ್ಡಿಗಳನ್ನು ಬಿಗಿ ಮಾಡುತ್ತಾರೆ. ಒಂದೊಂದು ಸಲಕ್ಕೆ ನಿಪ್ಪಲ್ಲನ್ನು ಕಾಲು ಸುತ್ತು ಮಾತ್ರ. ಅವಸರ ಮಾಡಿದರೆ ಒಂದು ಕಡೆ ಸರಿಯಾಗಿ ಇನ್ನೊಂದು ಕಡೆ ಕೆಡುತ್ತದೆ. ಕೊನೆಗೆ ಒಳಗೆ ಚಾಚಿದ ಕಡ್ಡಿಯ ತುದಿಯನ್ನು ಅರದಿಂದ ಉಜ್ಜಿ, ರಿಮ್ ಟೇಪ್ ಹಾಕಬೇಕು. ಇಲ್ಲದಿದ್ದರೆ ಟ್ಯೂಬಿಗೆ ಚುಚ್ಚಿ ಪಂಕ್ಚರ್ ಗ್ಯಾರಂಟಿ.

ಯಾವಾಗ ಬದಲಾಯಿಸಲೇಬೇಕು?

1. ರಿಮ್ಮಿನಲ್ಲಿ ಬಿರುಕು ಬಿಟ್ಟಿದ್ದರೆ, ಅಥವಾ ಅದು ಮಡಚಿಕೊಂಡಿದ್ದರೆ.
2. ತುಕ್ಕು ತಿಂದು ತೆಳ್ಳಗಾಗಿದ್ದರೆ, ನಿಪ್ಪಲ್ಲಿನ ತೂತು ಹರಿದಿದ್ದರೆ.
3. ಕೆಲವು ಕಡ್ಡಿ ವಿಪರೀತ ಬಿಗಿ, ಕೆಲವು ಪೂರ್ತಿ ಸಡಿಲ ಮಾಡಿದರಷ್ಟೇ ಗಾಲಿ ನೆಟ್ಟಗಾಗೋದಾದರೆ. ಅಂಥ ಗಾಲಿ ಇವತ್ತು ನೆಟ್ಟಗೆ, ನಾಳೆ ಮತ್ತೆ ಡೊಂಕು.

ಹಬ್ಬು ಚೆನ್ನಾಗಿದ್ದರೆ ಅದನ್ನೇ ಇಟ್ಟುಕೊಂಡು ಹೊಸ ರಿಮ್ ಕಟ್ಟಿಸಬಹುದು. ಅಳತೆ, ತೂತುಗಳ ಲೆಕ್ಕ ಎರಡೂ ಹಳೆಯದಕ್ಕೆ ಹೊಂದಬೇಕು.

ಕಡ್ಡಿ ಇಲ್ಲದ ಅಲಾಯ್ ಗಾಲಿಯ ಕಥೆ ಬೇರೆ. ಅದು ಅಚ್ಚಿನಲ್ಲಿ ಎರಕ ಹೊಯ್ದ ಅಲ್ಯೂಮಿನಿಯಂ ಮಿಶ್ರಲೋಹ. ಉಕ್ಕು ಬಾಗುತ್ತದೆ, ಬಗ್ಗಿಸಿದರೆ ವಾಪಸ್ಸೂ ಬರುತ್ತದೆ. ಎರಕದ ಗಾಲಿ ಹಾಗಲ್ಲ, ಬಿರುಕು ಬಿಡಬಹುದು. ಕೆಲವರು ಕಾಯಿಸಿ ಬಡಿದು ಸರಿ ಮಾಡಿಕೊಡುತ್ತಾರೆ. ಆದರೆ ಕುಲುಮೆಯಲ್ಲಿ ಕಬ್ಬಿಣ ಕೆಂಪಗಾಗಿ ತನ್ನ ಕಾವು ತೋರಿಸುತ್ತದೆ. ಅಲ್ಯೂಮಿನಿಯಂ ಹಾಗೆ ಕೆಂಪಗಾಗುವ ಮೊದಲೇ ಕರಗಿಬಿಡಬಹುದು. ಶುದ್ಧ ಅಲ್ಯೂಮಿನಿಯಂ ಕರಗೋದು ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಾವು ಹೆಚ್ಚಾದರೆ ಕರಗದಿದ್ದರೂ ಲೋಹದ ಬಲ ಕುಂದುತ್ತದೆ, ಅದು ಕಣ್ಣಿಗೆ ಕಾಣೋದಿಲ್ಲ. ಆದ್ದರಿಂದ ಬೆಂಡಾದ ಅಲಾಯ್ ಗಾಲಿಯನ್ನು, ಅದರಲ್ಲೂ ಮುಂದಿನದನ್ನು, ಬದಲಾಯಿಸೋದೇ ಕ್ಷೇಮ. ಹಿಂದಿನ ಗಾಲಿ ಕೆಟ್ಟರೆ ಕೆಲವೊಮ್ಮೆ ಸಂಭಾಳಿಸಬಹುದು, ಮುಂದಿನದು ಕೈಕೊಟ್ಟರೆ ಬೀಳೋದೇ.

ಬೆಂಡಾಗದಂತೆ ನೋಡಿಕೊಳ್ಳೋದು ಎಲ್ಲಕ್ಕಿಂತ ಅಗ್ಗ. ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಗುಂಡಿಯ ಪೆಟ್ಟು ನೇರ ರಿಮ್ಮಿಗೇ ಬೀಳುತ್ತದೆ. ಮನೆಯಲ್ಲಿ ಬೈಕು ಇದ್ದರೆ ಅಪ್ಪನಿಗೋ ಮಾವನಿಗೋ ವಾರಕ್ಕೊಮ್ಮೆ ಗಾಳಿ ನೋಡಿಸಲು ನೆನಪು ಮಾಡಿ.

ಈಗ ನಿಮಗೊಂದು ಕೆಲಸ: ಸೈಕಲ್ಲಿನ ಎರಡೂ ಗಾಲಿಯ ಕಡ್ಡಿ ಎಣಿಸಿ. ಹಿಂದೆ ಹೆಚ್ಚಿದ್ದರೆ ಯಾಕೆ? ಯೋಚಿಸಿ ಹೇಳಿ!