ಪಶ್ಚಿಮ ಕೆನಡಾದ ಮೊದಲ ಒಕ್ಕಲುಗಳೂ ಅವರ ಗೃಹಿಣಿಯರೂ

ದೇಶವೊಂದರ ಚರಿತ್ರೆಯನ್ನು ಓದುವಾಗ ರಾಜರ, ಮಂತ್ರಿಗಳ, ಸೇನಾಪತಿಗಳ ಹೆಸರುಗಳು ನಮಗೆ ಸುಲಭವಾಗಿ ದೊರೆಯುವುವು. ಬರಿಯ ಬಯಲನ್ನು ಊರಾಗಿ ಮಾಡಿದ ಕುಟುಂಬಗಳ ಸಂಗತಿಯಾದರೋ ಅಷ್ಟು ಸುಲಭವಾಗಿ ದೊರೆಯದು. ಆ ಕುಟುಂಬಗಳಲ್ಲಿಯೂ ಹೆಂಗಸರ ದುಡಿಮೆಯು ಯಾರ ಲೆಕ್ಕಕ್ಕೆ ಸೇರಿತೆಂದು ವಿಚಾರಿಸುವವರು ವಿರಳ. ಪಶ್ಚಿಮ ಕೆನಡಾದ ಮೊದಲ ಒಕ್ಕಲುಗಳ ಚರಿತ್ರೆಯು ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿರುವುದರಿಂದ ಅದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆವು.

ಕೆನಡಾ ದೇಶದ ಮಧ್ಯದಿಂದ ಪಶ್ಚಿಮದ ಪರ್ವತಗಳವರೆಗೆ ಹುಲ್ಲುಗಾವಲಿನ ವಿಸ್ತಾರವಾದ ಬಯಲು ಹಬ್ಬಿದೆ. ಮ್ಯಾನಿಟೋಬ, ಸಸ್ಕಾಚೆವಾನ್, ಆಲ್ಬರ್ಟ ಎಂಬ ಮೂರು ಪ್ರಾಂತಗಳು ಈ ಬಯಲಿಗೆ ಸೇರಿದವು. ಇದು ಜನರಿಲ್ಲದ ನೆಲವಾಗಿರಲಿಲ್ಲವೆಂಬುದನ್ನು ಮೊದಲು ತಿಳಿಯತಕ್ಕದ್ದು. ಕ್ರೀ, ಬ್ಲ್ಯಾಕ್‌ಫುಟ್ ಮೊದಲಾದ ಮೂಲನಿವಾಸಿಗಳು ಬೈಸನ್ ಎಂಬ ಕಾಡುದನಗಳನ್ನು ಬೇಟೆಯಾಡುತ್ತ ತಲೆತಲಾಂತರದಿಂದ ಇಲ್ಲಿ ಬಾಳುತ್ತಿದ್ದರು. 1871ರಿಂದ 1877ರ ವರೆಗೆ ಸರಕಾರವು ಅವರೊಡನೆ ಏಳು ಒಪ್ಪಂದಗಳನ್ನು ಮಾಡಿಕೊಂಡು, ಅವರಿಗೆ ಸಣ್ಣ ಮೀಸಲು ನೆಲಗಳನ್ನು ಬಿಟ್ಟು, ಉಳಿದುದನ್ನು ಹೊಸ ಒಕ್ಕಲುಗಳಿಗಾಗಿ ತೆರೆಯಿತು. ಅಷ್ಟರಲ್ಲಿ ಬೈಸನ್ ಮಂದೆಗಳು ಅತಿಬೇಟೆಯಿಂದ ನಾಶವಾಗುತ್ತ ಬಂದು ಆ ಜನರು ಹಸಿವಿಗೆ ಗುರಿಯಾದರು. ಬಯಲಿನಲ್ಲಿ ಚದರಿದ್ದ ಆ ಪ್ರಾಣಿಗಳ ಎಲುಬುಗಳನ್ನು ಆಯ್ದು ಮಾರಿದ ಹಣವೇ ಎಷ್ಟೋ ಹೊಸ ಒಕ್ಕಲುಗಳ ಮೊದಲ ಸಂಪಾದನೆಯಾಯಿತು.

ನೆಲವನ್ನು ಹಂಚುವ ಕಾನೂನು 1872ರಲ್ಲಿ ಹುಟ್ಟಿತು. ಬಯಲನ್ನೆಲ್ಲ ಚದುರಂಗದ ಹಾಸಿನಂತೆ ಒಂದೊಂದು ಚದರ ಮೈಲಿಯ ತುಂಡುಗಳಾಗಿ ಅಳೆದು, ಅಂಥ ತುಂಡಿನ ಕಾಲು ಭಾಗವನ್ನು, ಎಂದರೆ 160 ಎಕರೆಯನ್ನು, 10 ಡಾಲರು ಶುಲ್ಕಕ್ಕೆ ಒಬ್ಬೊಬ್ಬ ಒಕ್ಕಲಿಗನಿಗೆ ಗೊತ್ತುಮಾಡುತ್ತಿದ್ದರು. ಅವನು ಮೂರು ವರ್ಷಗಳ ಅವಧಿಯಲ್ಲಿ ಅಲ್ಲಿ ವಾಸಿಸಿ, ಮನೆ ಕಟ್ಟಿ, ನಿಯಮಿಸಿದಷ್ಟು ನೆಲವನ್ನು ಉತ್ತು ತೋರಿಸಿದರೆ ಹಕ್ಕುಪತ್ರವು ಅವನ ಹೆಸರಿಗೆ ದೊರೆಯುತ್ತಿತ್ತು. ಪೆಸಿಫಿಕ್ ರೈಲುದಾರಿಯು 1885ನೇ ನವೆಂಬರ್ 7ರಂದು ಪೂರ್ವಪಶ್ಚಿಮಗಳನ್ನು ಕೂಡಿಸಿತು. ಆ ಬಳಿಕ, ಮುಖ್ಯವಾಗಿ 1896ರಿಂದೀಚೆಗೆ, ಇಂಗ್ಲೆಂಡು, ಅಮೇರಿಕ, ಐಸ್‌ಲೆಂಡ್, ಯುಕ್ರೇನ್ ಮುಂತಾದ ದೇಶಗಳಿಂದ ಕುಟುಂಬಗಳು ತಂಡತಂಡವಾಗಿ ಬಂದು ನೆಲಸಿದುವು.

ಮರಗಳಿಲ್ಲದ ಬಯಲಿನಲ್ಲಿ ಮನೆ ಕಟ್ಟುವ ಬಗೆ ಹೇಗೆ? ಹುಲ್ಲಿನ ಬೇರುಗಳಿಂದ ಬಿಗಿದುಕೊಂಡಿದ್ದ ಮೇಲ್ಮಣ್ಣನ್ನು ನೇಗಿಲಿನಿಂದ ಉದ್ದುದ್ದವಾಗಿ ಸೀಳಿ, ತುಂಡುಮಾಡಿ, ಇಟ್ಟಿಗೆಗಳಂತೆ ಒಂದರ ಮೇಲೊಂದಿಟ್ಟು ಗೋಡೆಯನ್ನೆಬ್ಬಿಸುತ್ತಿದ್ದರು. ಮಾಡಿಗೂ ಅದೇ ಮಣ್ಣು. ಇಂಥ ಮನೆಯು ಚಳಿಗಾಲದಲ್ಲಿ ಬೆಚ್ಚಗಿರುತ್ತಿತ್ತು. ಆದರೆ ಮಳೆ ಹಿಡಿದರೆ ಕೆಸರುನೀರು ಹಾಸಿಗೆಯ ಮೇಲೂ ಅಡಿಗೆಯ ಪಾತ್ರೆಗಳ ಮೇಲೂ ತೊಟ್ಟಿಕ್ಕುತ್ತಿತ್ತು. ಯುಕ್ರೇನಿನವರು ಮರಗಳಿದ್ದ ಕಡೆಯಲ್ಲಿ ದಿಮ್ಮಿಗಳ ಮನೆ ಕಟ್ಟಿ, ಜೇಡಿಮಣ್ಣಿಗೆ ಹುಲ್ಲನ್ನು ಕಲಸಿ ಮೆತ್ತಿ, ಸುಣ್ಣ ಬಳಿಯುತ್ತಿದ್ದರು. ಈ ಮೆತ್ತುವ ಕೆಲಸವು ಹೆಚ್ಚಾಗಿ ಹೆಂಗಸರದು. ನಮ್ಮ ಹಳ್ಳಿಗಳ ಮಣ್ಣಿನ ಗೋಡೆಗಳನ್ನು ಬಲ್ಲವರಿಗೆ ಇದರ ಶ್ರಮವು ತಿಳಿದೇ ಇರುವುದು.

ಚಳಿಯು ಕೆಲವು ದಿನಗಳಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿಯುತ್ತಿತ್ತು. ಹಿಮದ ಬಿರುಗಾಳಿಯಲ್ಲಿ ಕಣ್ಣು ಕಾಣದೆ, ಮನೆಯಿಂದ ಕೊಟ್ಟಿಗೆಗೆ ಹೋಗುವವರು ದಾರಿ ತಪ್ಪಿ ಸಾಯದಂತೆ ನಡುವೆ ಹಗ್ಗ ಕಟ್ಟಿಕೊಳ್ಳುವುದುಂಟು. ನೆರೆಮನೆಯು ಮೈಲಿಗಳಾಚೆ, ವೈದ್ಯನು ಅದಕ್ಕಿಂತಲೂ ದೂರ. ಪ್ರಸವಕಾಲದಲ್ಲಿ ನೆರೆಯ ಹೆಂಗಸೇ ಸೂಲಗಿತ್ತಿ. ಕೈಯಲ್ಲಿ ಹಣವಿಲ್ಲದ ಗಂಡಸರು ರೈಲುದಾರಿಯ ಕೂಲಿಗೂ ಗಣಿಗಳಿಗೂ ಹೋದಾಗ, ಹೊಲ, ಹಟ್ಟಿ, ಮಕ್ಕಳು ಎಲ್ಲವೂ ಹೆಂಡತಿಯ ಪಾಲಿಗೆ ಬೀಳುತ್ತಿದ್ದುವು. ಆಕೆ ಕಡೆದ ಬೆಣ್ಣೆಯನ್ನೂ ಕೂಡಿಸಿದ ಮೊಟ್ಟೆಗಳನ್ನೂ ಅಂಗಡಿಗೆ ಕೊಟ್ಟು ಸಕ್ಕರೆ, ಚಹ, ಬಟ್ಟೆಗಳನ್ನು ತರುವುದು ವಾಡಿಕೆ. ಬೆಳೆ ಕೆಟ್ಟ ವರ್ಷದಲ್ಲಿ ಎಷ್ಟೋ ಮನೆಗಳ ಒಲೆ ಉರಿದುದು ಇದರಿಂದಲೇ. 1899ರಲ್ಲಿ ರಶ್ಯದಿಂದ ಬಂದ ಡೂಖೊಬೋರ್ ಪಂಥದವರಲ್ಲಿ ಗಂಡಸರು ಕೂಲಿಗೆ ಹೋಗಿದ್ದು, ಎತ್ತುಗಳು ಸಾಲದಿದ್ದುದರಿಂದ, ಹೆಂಗಸರೇ ಸಾಲಾಗಿ ನಿಂತು ನೇಗಿಲೆಳೆದರು.

ಇಷ್ಟು ದುಡಿದವಳಿಗೆ ನೆಲದಲ್ಲಿ ಏನು ಹಕ್ಕಿತ್ತು? 1876ರ ಬಳಿಕ ಮದುವೆಯಾಗದ ಹೆಂಗಸಿಗೆ ಸರಕಾರದ ಈ ನೆಲವು ದೊರೆಯದು; ವಿವಾಹಿತೆಗೂ ದೊರೆಯದು; ಮಕ್ಕಳನ್ನು ಸಾಕುವ ಹೊಣೆಯುಳ್ಳ ವಿಧವೆಯೇ ಮೊದಲಾಗಿ ಕುಟುಂಬದ ಏಕಮಾತ್ರ ಯಜಮಾನಿಗೆ ಮಾತ್ರ ದೊರೆಯುತ್ತಿತ್ತು. ಗಡಿಯಾಚೆಯ ಅಮೇರಿಕದಲ್ಲಿ 1862ರ ಕಾನೂನು ಅವಿವಾಹಿತೆಯರಿಗೂ ನೆಲ ಕೊಡುತ್ತಿದ್ದುದನ್ನು ಹೋಲಿಸಿದರೆ ಈ ಭೇದವು ಸ್ಪಷ್ಟವಾಗುವುದು. 1905ರಲ್ಲಿ ಇಂಗ್ಲೆಂಡಿನಿಂದ ಬಂದ ಜಾರ್ಜಿನಾ ಬಿನ್ನಿ-ಕ್ಲಾರ್ಕ್ ಎಂಬಾಕೆ ಗಂಡಸರಿಗೆ ಬಿಟ್ಟಿಯಾಗಿ ಸಿಕ್ಕುವಂಥ ನೆಲವನ್ನು ಹಣ ತೆತ್ತು ಕೊಂಡು, ಗೋದಿ ಬೆಳೆದು, ಆ ಅನುಭವವನ್ನು 1914ರಲ್ಲಿ ಪುಸ್ತಕವಾಗಿ ಪ್ರಕಟಿಸಿ ಈ ಅನ್ಯಾಯವನ್ನು ಲೋಕಕ್ಕೆ ತಿಳಿಸಿದಳು. ಇನ್ನೂ ಕಠಿನವಾದ ಸಂಗತಿಯೊಂದುಂಟು. ಗಂಡನ ಆಸ್ತಿಯಲ್ಲಿ ಹೆಂಡತಿಗಿದ್ದ ಹಳೆಯ ಪಾಲಿನ ಹಕ್ಕನ್ನು 1886ರಲ್ಲಿ ವಾಯವ್ಯ ಪ್ರದೇಶಗಳಲ್ಲಿ ರದ್ದುಗೊಳಿಸಲಾಗಿತ್ತು. ಆದುದರಿಂದ ಗಂಡನು ಹೆಂಡತಿಯನ್ನು ಕೇಳದೆಯೇ ಹೊಲಮನೆಗಳನ್ನು ಮಾರಬಹುದಾಗಿತ್ತು. ಆಕೆಯು ಮಕ್ಕಳೊಡನೆ ಬೀದಿಗೆ ಬೀಳಬಹುದಾಗಿತ್ತು.

ಎಮಿಲಿ ಮರ್ಫಿ, ಹೆನ್ರಿಯೆಟಾ ಎಡ್ವರ್ಡ್ಸ್ ಮುಂತಾದ ಮಹಿಳೆಯರು ಇದನ್ನು ಸಭೆಗಳಲ್ಲಿಯೂ ಅರ್ಜಿಗಳಲ್ಲಿಯೂ ಎತ್ತಿಹೇಳಿದರು. 1916ರಲ್ಲಿ ಮೂರು ಪ್ರಾಂತಗಳ ಹೆಂಗಸರಿಗೂ ಮತದ ಹಕ್ಕು ಬಂತು. 1917ರಲ್ಲಿ ಆಲ್ಬರ್ಟದ ಕಾನೂನು, ಹೆಂಡತಿಯ ಒಪ್ಪಿಗೆಯಿಲ್ಲದೆ ವಾಸದ ಮನೆಯನ್ನು ಮಾರಕೂಡದೆಂದು ವಿಧಿಸಿತು. ಆದರೆ ಮಾರದಂತೆ ತಡೆಯುವ ಹಕ್ಕು ಬೇರೆ, ದುಡಿದುದರಲ್ಲಿ ಪಾಲು ಪಡೆಯುವ ಹಕ್ಕು ಬೇರೆ. ಐರೀನ್ ಮರ್ಡಾಕ್ ಎಂಬ ಆಲ್ಬರ್ಟದ ಗೃಹಿಣಿಯು ಅನೇಕ ವರ್ಷ ಗಂಡನೊಡನೆ ದನಕರುಗಳ ನಡುವೆ ದುಡಿದು, ಅವನಿಂದ ಬೇರೆಯಾದಾಗ ಆಸ್ತಿಯಲ್ಲಿ ಪಾಲು ಕೇಳಿದಳು. ಆಕೆ ಮಾಡಿದುದು ಅಂಥ ಮನೆಯ ಯಾವ ಹೆಂಡತಿಯಾದರೂ ಮಾಡುವ ಕೆಲಸವೇ ಎಂದು ಕಂಡ ಕೆನಡಾದ ಸರ್ವೋಚ್ಚ ನ್ಯಾಯಾಲಯವು 1973ರಲ್ಲಿ ಬಹುಮತದಿಂದ ಪಾಲನ್ನು ನಿರಾಕರಿಸಿತು. ನ್ಯಾಯಮೂರ್ತಿ ಬೋರಾ ಲಾಸ್ಕಿನ್‌ರೊಬ್ಬರೇ ಭಿನ್ನಾಭಿಪ್ರಾಯ ಬರೆದರು. ಈ ತೀರ್ಪನ್ನು ಕೇಳಿ ದೇಶವೆಲ್ಲ ಕೆರಳಿತು. ಪ್ರಾಂತಗಳು ತಮ್ಮ ಕಾನೂನುಗಳನ್ನು ತಿದ್ದತೊಡಗಿದುವು. ಆಲ್ಬರ್ಟದಲ್ಲಿ ದಂಪತಿಗಳ ಆಸ್ತಿಯನ್ನು ನ್ಯಾಯವಾಗಿ ಹಂಚುವ ಕಾನೂನು 1979ರಲ್ಲಿ ಜಾರಿಗೆ ಬಂತು.

ಮೊದಲ ಹಕ್ಕುಪತ್ರಗಳಿಂದ ಈ ಕಾನೂನಿನವರೆಗೆ ನೂರು ವರ್ಷಗಳಷ್ಟು ಕಾಲ ಕಳೆಯಿತು. ಗೋಡೆಗೆ ಮಣ್ಣು ಮೆತ್ತಿದವಳೂ ನೇಗಿಲೆಳೆದವಳೂ ಅಷ್ಟರಲ್ಲಿ ಕಾಲವಶರಾಗಿದ್ದರು. ಅವರ ದುಡಿಮೆಯ ಫಲವನ್ನು ಕಾನೂನಿನ ಮೂಲಕ ಪಡೆದವರು ಅವರ ಮೊಮ್ಮಕ್ಕಳು, ಮರಿಮಕ್ಕಳು. ವಿದ್ಯೆ ಕಲಿಯುವ ನಮ್ಮ ಹೆಣ್ಣುಮಕ್ಕಳು ಈ ಚರಿತ್ರೆಯಿಂದ ಗ್ರಹಿಸಬೇಕಾದುದು ಒಂದುಂಟು. ಮನೆಯ ಕೆಲಸವನ್ನು ಹೊಗಳುವವರು ಎಲ್ಲ ಕಾಲಗಳಲ್ಲಿಯೂ ಇರುವರು. ಆ ಕೆಲಸದ ಬೆಲೆಯು ಪತ್ರದಲ್ಲಿ ಬರೆಯಲ್ಪಟ್ಟಿದೆಯೇ ಎಂದು ಓದಿ ನೋಡುವ ಶಕ್ತಿಯನ್ನು ನಾವೇ ಸಂಪಾದಿಸಿಕೊಳ್ಳತಕ್ಕದ್ದು.